ಪಡಸಾಲೆಗೆ ಅಂಟಿನ ತೊಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಕಟ್ಟಿಗೆಯನ್ನು ಯಾರೂ ಮುಚ್ಚುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು ತಲೆ ಎತ್ತಿದರೆ ಕಂಬ, ತೊಲೆ, ಸಾಲು ಜಂತಿ. ಹೊಸ ಮನೆಗೂ ಅದೇ ನೋಟ ಬೇಕು ಎನ್ನುವವರಿಗೆ ಅಷ್ಟು ದಪ್ಪದ ಸಾಗವಾನಿ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಆ ಜಾಗಕ್ಕೆ ಬರಬಲ್ಲದ್ದು ಅಂಟಿಸಿ ಮಾಡಿದ ತೊಲೆ.

ಇದರಲ್ಲಿ ಎರಡು ಬಗೆ. ಒಣಗಿಸಿದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದರೆ ಗ್ಲೂಲ್ಯಾಮ್. ಜರ್ಮನಿಯ ಒಟ್ಟೊ ಹೆಟ್ಜರ್ 1906ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಸುಮಾರು 3 ಮಿ.ಮೀ. ತೆಳುವಾದ ಪದರಗಳಿಂದ ಮಾಡಿದ್ದು ಎಲ್‌ವಿಎಲ್. ಎರಡರಲ್ಲೂ ಮರದ ಎಳೆ ತೊಲೆಯ ಉದ್ದಕ್ಕೇ ಓಡುತ್ತದೆ. ಇಡೀ ಮರದ ತೊಲೆ ದೊಡ್ಡ ಗಂಟು ಇದ್ದಲ್ಲೇ ಸೀಳಬಹುದು; ಇಲ್ಲಿ ಗಂಟುಗಳು ಪದರಗಳಿಗೆ ಹಂಚಿಹೋಗುತ್ತವೆ. ತೊಲೆಯ ಅಗಲ ಇಮ್ಮಡಿಯಾದರೆ ಬಿಗುವು ಎರಡು ಪಟ್ಟು, ಎತ್ತರ ಇಮ್ಮಡಿಯಾದರೆ ಎಂಟು ಪಟ್ಟು. ಆದ್ದರಿಂದ ಎತ್ತರದ ತೊಲೆಯನ್ನೇ ಕೇಳಿ.

ಮೇಲೆ ಏನು ಹೊರಿಸುತ್ತೀರಿ ಎಂಬುದೇ ದೊಡ್ಡ ಪ್ರಶ್ನೆ. ಮಾಳಿಗೆಯ ಕರಲು ಮಣ್ಣು ಒಂದು ಅಡಿ ದಪ್ಪವಿದ್ದರೆ ಚದರ ಅಡಿಗೆ ಸುಮಾರು 45 ಕಿಲೋ ಭಾರ, ಮಳೆಗೆ ನೆನೆದರೆ ಇನ್ನೂ ಹೆಚ್ಚು. ಹೆಂಚಿನ ಮಾಡಿಗೆ ಅದರ ಆರರಲ್ಲೊಂದು ಪಾಲೂ ಬರುವುದಿಲ್ಲ. ತಂಪಿನ ಆಸೆಗೆ ಮಣ್ಣು ಹೇರುವುದಾದರೆ ಎಂಜಿನಿಯರ್‌ಗೆ ಮೊದಲೇ ಹೇಳಿ, ಮರದ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 883ರ ಪ್ರಕಾರ ಲೆಕ್ಕ ಹಾಕಿಸಿ. ಭಾರದಷ್ಟೇ ಸಂದೂ ಮುಖ್ಯ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲಾರಿ ಭೂಕಂಪದಲ್ಲಿ ದಪ್ಪ ಕಲ್ಲಿನ ಗೋಡೆಗಳು ಉರುಳಿದರೂ ಹಲವು ಮನೆಗಳ ಕಟ್ಟಿಗೆಯ ಚೌಕಟ್ಟು ನಿಂತೇ ಇತ್ತು. ಕಂಬ-ತೊಲೆಯ ಸಂದು ಬಿಗಿಯಾಗಿದ್ದರೆ ಮಾತ್ರ ಆ ಗುಣ ಬರುತ್ತದೆ. ಉಕ್ಕಿನ ಪಟ್ಟಿ, ಬೋಲ್ಟಿನಲ್ಲಿ ಜಿಪುಣತನ ಬೇಡ.

ಬೆಂಕಿಯ ಭಯ ಅನೇಕರಿಗೆ. ದಪ್ಪ ತೊಲೆ ನಿಮಿಷಕ್ಕೆ ಸುಮಾರು 0.7 ಮಿ.ಮೀ.ನಷ್ಟೇ ಕರಿಯಾಗುತ್ತದೆ, ಒಳಗಿನ ತಿರುಳು ಭಾರ ಹೊರುತ್ತಲೇ ಇರುತ್ತದೆ. ಮೊದಲು ಸೋಲುವುದು ಹೊರಗೆ ಕಾಣುವ ಉಕ್ಕು, ಅದನ್ನು ಕಟ್ಟಿಗೆಯೊಳಗೆ ಹುದುಗಿಸಬೇಕು.

ನಮ್ಮ 40 ಡಿಗ್ರಿ ದಾಟುವ ಒಣ ಬೇಸಿಗೆಯಲ್ಲಿ ಮರ ಕುಗ್ಗುತ್ತದೆ. ಮೇಲ್ಮೈಯ ಸಣ್ಣ ಬಿರುಕಿಗೆ ಅಂಜಬೇಕಿಲ್ಲ; ಅಂಟಿನ ಗೆರೆಯೇ ಬಾಯಿ ಬಿಟ್ಟರೆ ತಕ್ಷಣ ತೋರಿಸಿ. ಒರಲೆಗೆ ಹಿರಿಯರ ಉಪಾಯವೇ ಸರಿ: ಕಂಬದ ಬುಡಕ್ಕೆ ಕಲ್ಲು. ಮರಕ್ಕೆ ಔಷಧ ಹಾಕಿಸಿದ್ದನ್ನೂ ಖಚಿತಪಡಿಸಿಕೊಳ್ಳಿ.

ಪ್ಲೈವುಡ್ ಅಂಗಡಿಯಲ್ಲಿ ಬಾಗಿಲಿಗೆಂದು ಮಾರುವ ಎಲ್‌ವಿಎಲ್ ಅನ್ನು ತೊಲೆಯಾಗಿ ಬಳಸಬೇಡಿ. ಬಲದ ಪರೀಕ್ಷೆಯ ಪ್ರಮಾಣಪತ್ರವಿರುವ, ನೀರಿಗೆ ಬಿಡದ ಅಂಟಿನ ಸರಕೇ ಬೇಕು. ಮಳೆ-ಬಿಸಿಲಿಗೆ ಬೀಳುವ ಹೊರಕಟ್ಟೆಗೆ ಕಲ್ಲಿನ ಕಂಬವೇ ಇರಲಿ. ಅಂಟಿನ ತೊಲೆ ಪಡಸಾಲೆಯೊಳಗೇ ಇರಲಿ.