ಕಸದಿಂದ ರಸ: ಇದ್ದಿಲು ಪುಡಿಯ ಉಂಡೆ



ನಮ್ಮ ತಿಪಟೂರು ಸೀಮೆ ಕೊಬ್ಬರಿಗೆ ಹೆಸರುವಾಸಿ. ಕೊಬ್ಬರಿ ತೆಗೆದ ಮೇಲೆ ಕರಟ ಉಳಿಯುತ್ತದೆ. ಅದನ್ನು ಸುಟ್ಟು ಇದ್ದಿಲು ಮಾಡುತ್ತಾರೆ. ನೀರು ಸೋಸುವ ಫಿಲ್ಟರ್‌ಗೆ ಹಾಕುವ ಇದ್ದಿಲನ್ನು ಕರಟದಿಂದಲೂ ತಯಾರಿಸುತ್ತಾರೆ. ದಪ್ಪ ಚೂರುಗಳನ್ನು ಚೀಲಕ್ಕೆ ತುಂಬಿದ ಮೇಲೆ ತಳದಲ್ಲಿ ಪುಡಿ ಉಳಿಯುತ್ತದೆ. ನಮ್ಮೂರಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಗಾಳಿ ಬಂದರೆ ಒಣಹಾಕಿದ ಬಟ್ಟೆಯೆಲ್ಲ ಕಪ್ಪಾಗುತ್ತದೆ. ಈ ಪುಡಿಯಿಂದ ಒಲೆಗೆ ಉಂಡೆ ಮಾಡುವುದನ್ನು ನಮ್ಮಜ್ಜಿ ನನಗೆ ಕಲಿಸಿದರು.

ಪುಡಿಯನ್ನು ಹಾಗೇ ಒಲೆಗೆ ಹಾಕಬಾರದಾ ಅಂತ ನೀವು ಕೇಳಬಹುದು. ನಾನೂ ಹಾಕಿ ನೋಡಿದೆ. ಬೆಂಕಿಯೇ ಆರಿಹೋಯಿತು. ಬೆಂಕಿ ಉರಿಯಲು ಗಾಳಿ ಬೇಕು. ಪುಡಿ ಒತ್ತಾಗಿ ಕೂತರೆ ಒಳಗೆ ಗಾಳಿ ಹೋಗುವುದಿಲ್ಲ. ಉಂಡೆ ಮಾಡಿದರೆ ಉಂಡೆ ಉಂಡೆಯ ನಡುವೆ ಸಂದಿ ಇರುತ್ತದೆ, ಗಾಳಿ ಆಡುತ್ತದೆ.

ಬೇಕಾಗುವ ಸಾಮಾನು: ಇದ್ದಿಲು ಪುಡಿ 1 ಬಕೆಟ್, ಸಗಣಿ ಕಾಲು ಬಕೆಟ್, ಜೇಡಿಮಣ್ಣು 2 ಹಿಡಿ, ಅನ್ನ ಬಸಿದ ಗಂಜಿ 2 ಚೊಂಬು.

ಮಾಡುವ ವಿಧಾನ:

1. ಪುಡಿಯಲ್ಲಿ ಕೆಂಡ ಇಲ್ಲವೆಂದು ಮೊದಲು ನೋಡಿಕೊಳ್ಳಿ. ಆಮೇಲೆ ಜರಡಿ ಹಿಡಿದು ಕಲ್ಲು ತೆಗೆಯಿರಿ.

2. ಸಗಣಿ, ಜೇಡಿಮಣ್ಣು ಸೇರಿಸಿ. ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ ರಾಗಿಮುದ್ದೆ ಹದಕ್ಕೆ ಕಲಸಿ.

3. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಂಡೆ ಕಟ್ಟಿ. ಕೈಯಲ್ಲಿ ಗಟ್ಟಿಯಾಗಿ ಅದುಮಿ.

4. ಚೆನ್ನಾಗಿ ಬಿಸಿಲು ಬೀಳುವ ಕಡೆ 5 ದಿನ ಒಣಗಿಸಿ. ದಿನಾ ಒಂದು ಸಲ ತಿರುವಿಹಾಕಿ.

ನಾನು ಮೊದಲ ಸಲ 2 ದಿನಕ್ಕೇ ಒಲೆಗೆ ಹಾಕಿದೆ. ಬರೀ ಹೊಗೆ ಬಂತು. "ಹಸಿ ಉಂಡೆ ಹಾಕಿದ್ರೆ ಕಾವೆಲ್ಲ ನೀರು ಆರಿಸೋಕೇ ಹೋಗ್ತದೆ ಕಣೆ" ಅಂತ ಅಜ್ಜಿ ಬೈದರು. ಎರಡನೇ ಸಲ ಜೇಡಿಮಣ್ಣು ಜಾಸ್ತಿ ಹಾಕಿದೆ. ಉಂಡೆ ಗಟ್ಟಿ ಆಯ್ತು, ಆದರೆ ಕಾವು ಕಡಿಮೆ, ಬೂದಿ ಜಾಸ್ತಿ. ಮಣ್ಣು ಉರಿಯುವುದಿಲ್ಲ ಅಲ್ಲವೇ! ಮೂರನೇ ಸಲ ಸರಿ ಬಂತು.

ಉಂಡೆ ಹೊತ್ತಿಸಲು ಕೆಳಗೆ ತೆಂಗಿನ ಸೋಗೆ, ಮಟ್ಟೆ ಇಡಬೇಕು. ಹೊತ್ತಿಕೊಳ್ಳುವಾಗ ಸಗಣಿಯಿಂದ ಸ್ವಲ್ಪ ಹೊಗೆ ಬರುತ್ತದೆ, ಆಮೇಲೆ ಕೆಂಡವಾಗುತ್ತದೆ. ಕರಟ ಸುಡುವಾಗಲೇ ಹೊಗೆಯಾಗುವ ಅಂಶ ಹೆಚ್ಚುಪಾಲು ಹೊರಟುಹೋಗಿರುತ್ತದೆ. ಹಂಡೆ ನೀರು ಕಾಯಿಸಲು, ಹುರುಳಿಕಾಳು ಬೇಯಿಸಲು ಇದು ಒಳ್ಳೆಯದು. ನಮ್ಮ ಮನೆಯಲ್ಲಿ ಗ್ಯಾಸ್ ಇದೆ, ಆದರೆ ಹಂಡೆ ನೀರಿಗೆ ಉರಿಸಿದರೆ ಸಿಲಿಂಡರ್ ಬೇಗ ಖಾಲಿ. ಮುಂಚೆ ಪ್ರತಿ ಭಾನುವಾರ ನಾನೂ ಅವ್ವನೂ ಸೌದೆಗೆ ಹೋಗುತ್ತಿದ್ದೆವು. ಈಗ ಎರಡು ವಾರಕ್ಕೊಮ್ಮೆ ಹೋದರೆ ಸಾಕು.

ಇನ್ನು ಮುಖ್ಯವಾದ ಮಾತು. ದಯವಿಟ್ಟು ಇದನ್ನು ಎಲ್ಲರೂ ಓದಿ.

ಹೋದ ಚಳಿಗಾಲದಲ್ಲಿ ನಮ್ಮಕ್ಕ ಬಾಣಂತಿ. ಚಳಿ ಅಂತ ಅಜ್ಜಿ ಅಗ್ಗಿಷ್ಟಿಕೆಗೆ ನಮ್ಮ ಉಂಡೆಗಳ ಕೆಂಡ ಹಾಕಿ ಕೋಣೆಯಲ್ಲಿ ಇಟ್ಟರು. ಗಾಳಿ ಬರದಂತೆ ಬಾಗಿಲು ಕಿಟಕಿ ಮುಚ್ಚಿದರು. "ಇದು ಹೊಗೆ ಬರಲ್ಲ ಅಜ್ಜಿ, ಒಳಗೇ ಇಡಬಹುದು" ಅಂತ ಹೇಳಿದ್ದು ನಾನೇ. ಬೆಳಗಿನ ಜಾವ ಅಕ್ಕನಿಗೆ ತಲೆನೋವು, ವಾಂತಿ. ಎದ್ದು ನಿಲ್ಲಲು ಆಗಲಿಲ್ಲ. ಅವ್ವ ಬಾಗಿಲು ತೆಗೆದು ಅಕ್ಕನನ್ನೂ ಮಗುವನ್ನೂ ಹೊರಗೆ ತಂದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ದೇವರ ದಯೆ, ಇಬ್ಬರೂ ಉಳಿದರು. ಅಜ್ಜಿ ಆವತ್ತು ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಆಮೇಲೆ ನಮ್ಮ ವಿಜ್ಞಾನದ ಮೇಷ್ಟ್ರು ವಿವರಿಸಿದರು. ಗಾಳಿ ಸಾಲದೆ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೆಚ್ಚಾಗಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೈಗೆ ಆಮ್ಲಜನಕ ಸಿಗುವುದಿಲ್ಲ. ಮಲಗಿದ್ದವರು ಏಳದೇ ಹೋಗಬಹುದು. ಸೌದೆ ಹೊಗೆ ಬಂದರೆ ಕಣ್ಣು ಉರಿದು ನಾವು ಎದ್ದು ಹೊರಗೆ ಹೋಗುತ್ತೇವೆ. ಇದು ಹಾಗೆ ಎಬ್ಬಿಸುವುದಿಲ್ಲ.

ಆದ್ದರಿಂದ ಉಂಡೆ ಮಾಡಿ, ಆದರೆ ಹಿತ್ತಿಲ ಒಲೆಯಲ್ಲಿ ಮಾತ್ರ ಉರಿಸಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಲೇಬೇಡಿ. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ಇವತ್ತೇ ಹೋಗಿ ಹೇಳಿ. ಹೊಗೆ ಇಲ್ಲ ಅಂದರೆ ವಿಷ ಇಲ್ಲ ಅಂತ ಅಲ್ಲ.



7ನೇ ತರಗತಿ ವಿದ್ಯಾರ್ಥಿನಿ