ಮೀನು ತಿನ್ನುತ್ತಿದ್ದ ಹುಳ ಯಾವುದು?

ಹೋದ ವರ್ಷ ಏಪ್ರಿಲ್-ಮೇನಲ್ಲಿ ಆಫೀಸಿನವರು ನನ್ನನ್ನು ಪುಣೆಯಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಆರು ವಾರ ಆನ್‌ಸೈಟ್ ಕಳಿಸಿದ್ದರು. ಅಲ್ಲಿಗೆ ಹತ್ತಿರದಲ್ಲೇ ರಟ್ಲೆಂಡ್ ವಾಟರ್ ಇದೆ. 1970ರ ದಶಕದಲ್ಲಿ ಅಣೆಕಟ್ಟು ಕಟ್ಟಿ ಮಾಡಿದ ಭಾರೀ ಜಲಾಶಯ. ಟ್ರೌಟ್ ಮೀನಿಗೆ ಫ್ಲೈ ಗಾಳ ಹಾಕುವವರಿಗೆ ಹೆಸರುವಾಸಿ ಜಾಗ. ಕೊಕ್ಕೆಗೆ ದಾರ, ಗರಿ ಸುತ್ತಿ ಹುಳದಂತೆ ಕಾಣಿಸುವುದೇ ಫ್ಲೈ. ನಮ್ಮೂರ ಹಾಗೆ ಎರೆಹುಳು ಚುಚ್ಚುವಂತಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮೂರ ಹಳ್ಳದಲ್ಲಿ ಅಪ್ಪನ ಜೊತೆ ಗಾಳ ಹಾಕಿದವನು ನಾನು, ಹಾಸ್ಟೆಲ್ ಸೇರುವವರೆಗೆ. ಆ ಧೈರ್ಯದ ಮೇಲೆ ಬಾಡಿಗೆ ಕೋಲು, ಪರ್ಮಿಟ್ ಎಲ್ಲಾ ತೆಗೆದುಕೊಂಡೆ. ಮೂರು ಭಾನುವಾರ ಒಂದು ಮೀನೂ ಸಿಗಲಿಲ್ಲ. ಕಣ್ಣೆದುರೇ ಮೀನು ಮೇಲೆದ್ದು ಮುಳುಗುತ್ತಿದ್ದವು. ನೀರಿನ ಮೇಲೆ ಸೊಳ್ಳೆಯಂಥ ಕಪ್ಪು ನುಸಿ ಹಾರಾಡುತ್ತಿದ್ದವು. ಅದನ್ನೇ ಹೋಲುವ, ತೇಲುವ ಫ್ಲೈ ಹಾಕಿದೆ. ಮೂಸಿಯೂ ನೋಡಲಿಲ್ಲ.

ರಾತ್ರಿ ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಮಂಡಿ ನೋವಿನಿಂದ ಅವರು ಹಳ್ಳಕ್ಕೆ ಇಳಿಯುವುದನ್ನು ಬಿಟ್ಟು ವರ್ಷಗಳಾದವು. "ಮಳೆಹುಳ ಏಳೋ ಹೊತ್ತಿಗೆ ನಮ್ಮ ಮೀನು ಎರೆಹುಳು ಮುಟ್ತಿತ್ತೇನೋ? ಅವು ಏನು ತಿಂತಿದಾವೆ ನೋಡು ಮೊದ್ಲು" ಅಂದರು.

ಕೊನೆಯ ಭಾನುವಾರ. ಮಂಗಳವಾರ ವಾಪಸ್ ಫ್ಲೈಟ್. ಗಾಳ ಹಾಕದೆ ದಂಡೆಯಲ್ಲಿ ಸುಮ್ಮನೆ ಕೂತಿದ್ದೆ. ಪಕ್ಕದಲ್ಲಿ ಗಾಳ ಹಾಕುತ್ತಿದ್ದ ವಯಸ್ಸಾದವರೊಬ್ಬರಿಗೆ ಕನಿಕರ ಬಂದಿರಬೇಕು. ಗಾಳಿ ಬಂದು ತಾಗುವ ಮೂಲೆಗೆ ಕರೆದೊಯ್ದು, ಅಕ್ವೇರಿಯಂ ಬಲೆಯಲ್ಲಿ ನೊರೆ ಬಾಚಿ ಬಿಳಿ ತಟ್ಟೆಗೆ ಸುರಿದರು. ತಟ್ಟೆ ತುಂಬ ಪಾರದರ್ಶಕ ಸಿಪ್ಪೆ; ಹಾವು ಬಿಟ್ಟ ಪೊರೆಯ ಪುಟಾಣಿ ರೂಪ. ನಡುವೆ ಒಂದು ಜೀವಂತ ಪ್ಯೂಪಾ: ಅಲ್ಪವಿರಾಮದಂತೆ ಬಾಗಿದ ಕಪ್ಪು ಮೈ, ತಲೆಯ ಮೇಲೆ ಬಿಳಿ ಕುಚ್ಚು.

ಅಲ್ಲಿನವರು ಇದನ್ನು ಬಝರ್ ಅನ್ನುತ್ತಾರೆ. ಕಚ್ಚದ ನುಸಿ. ಮರಿಯಾಗಿದ್ದಾಗ ಕೆರೆಯ ತಳದ ಕೆಸರಿನಲ್ಲಿರುತ್ತದೆ; ಕೆಲವು ಜಾತಿಯವು ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್‌ನಿಂದ ಕೆಂಪಗಿರುತ್ತವೆ. ಪ್ಯೂಪಾ ಆದ ಮೇಲೆ ನಿಧಾನಕ್ಕೆ ಮೇಲೇರಿ, ನೀರಿನ ಮೇಲ್ಪದರಕ್ಕೆ ಜೋತುಬಿದ್ದು, ಬೆನ್ನು ಒಡೆದು ಹಾರಿಹೋಗುತ್ತದೆ. ಟ್ರೌಟ್ ಕಾಯುವುದು ಈ ಜೋತುಬಿದ್ದ ಗಳಿಗೆಗೆ. ಮೀನಿನ ಬೆನ್ನು, ಬಾಲ ಕಂಡು ಮೂತಿ ಕಾಣದಿದ್ದರೆ ಅದು ನೀರಿನ ಒಳಗೇ ತಿನ್ನುತ್ತಿದೆ ಅಂತ ಎಣಿಸಬಹುದು. ನಾನು ಹಾರಿಹೋದ ಹುಳವನ್ನು ನಕಲು ಮಾಡುತ್ತಾ ಕೂತಿದ್ದೆ!

ಉಳಿದ ಹುಳಗಳನ್ನು ರೆಕ್ಕೆ ನೋಡಿ ಗುರುತಿಸಬಹುದಂತೆ. ದೋಣಿಯ ಹಾಯಿಯಂತೆ ನೆಟ್ಟಗೆ ನಿಂತಿದ್ದರೆ ಆಲಿವ್, ಅಂದರೆ ಮೇಫ್ಲೈ ಬಳಗ. ಹಿಂದೆ ಕೂದಲಿನಂಥ ಬಾಲವೂ ಉಂಟು. ಹೆಂಚಿನ ಮಾಡಿನಂತೆ ಇಳಿಜಾರಾಗಿ ಮಡಚಿದ್ದರೆ ಸೆಡ್ಜ್. ಬಝರ್‌ನದು ಮೈಮೇಲೆ ಚಪ್ಪಟೆ. ನಮ್ಮ ಏರೋಪ್ಲೇನ್ ಚಿಟ್ಟೆಯ ಸಪೂರ ತಂಗಿಯೂ ಅಲ್ಲಿದ್ದಾಳೆ, ಅವಳ ಕಾಲ ಬೇಸಿಗೆ. ಪುಸ್ತಕದ ಲ್ಯಾಟಿನ್ ಹೆಸರಿಗಿಂತ ಈ ಮಾಡು-ಹಾಯಿ ಲೆಕ್ಕ ನನಗೆ ಸಾಕಾಯಿತು.

ಅವರೇ ಕೊಟ್ಟ ಕಪ್ಪು ಬಝರ್ ಕಟ್ಟಿದೆ. ಎಳೆಯಬೇಡ, ಗಾಳಿಗೆ ಬಿಡು ಅಂದರು. ಕಷ್ಟ ಇದ್ದದ್ದು ಅಲ್ಲೇ. ಸುಮ್ಮನಿರುವುದು ನನ್ನ ಕೈಗೆ ಗೊತ್ತಿಲ್ಲ. ಮೊದಲ ಮೀನು ನನ್ನ ಗಂಟು ಬಿಚ್ಚಿಕೊಂಡು ಫ್ಲೈ ಸಮೇತ ಹೋಯಿತು. ಎರಡನೆಯದು ಬಲೆಗೆ ಬಂತು. ಪಕ್ಕೆಯುದ್ದಕ್ಕೂ ಗುಲಾಬಿ ಗೆರೆ. ಫೋಟೋ ತೆಗೆದು ನೀರಿಗೆ ಬಿಟ್ಟೆ.

ಅಪ್ಪನಿಗೆ ಮೀನಿನ ಫೋಟೋ, ತಟ್ಟೆಯ ಫೋಟೋ ಎರಡೂ ಕಳಿಸಿದೆ. ಮೀನಿನ ಬಗ್ಗೆ ಒಂದು ಮಾತೂ ಇಲ್ಲ. "ಈ ಸಿಪ್ಪೆ ನಮ್ಮ ಹಳ್ಳದ ನೊರೇಲೂ ಇರುತ್ತಲ್ಲ ಮಾರಾಯ! ಇಷ್ಟು ವರ್ಷ ಕಸ ಅಂದ್ಕೊಂಡಿದ್ದೆ" ಅಂದರು. ಊರಿಗೆ ಬರುವಾಗ ಆ ಸಣ್ಣ ಬಲೆಯೊಂದನ್ನು ತರಬೇಕಂತೆ.