ಹತ್ತು ತಿಂಗಳ ಅಡ್ವಾನ್ಸ್

ಕೆಂಗೇರಿಯಲ್ಲಿ ಬಾಡಿಗೆ ಮನೆ ಹುಡುಕುತ್ತಾ ಮೂರು ಭಾನುವಾರ ಕಳೆದೆವು. ಹಾಸನ, ರಾಯಚೂರು, ಶಿರಸಿ, ಮಂಡ್ಯದಿಂದ ಬಿಇ ಓದಲು ಬಂದ ನಾಲ್ವರು ನಾವು. ಬೋರ್ಡ್ ಕಂಡಲ್ಲೆಲ್ಲ ಮೊದಲ ಉತ್ತರ ‘ಫ್ಯಾಮಿಲಿಗೆ ಮಾತ್ರ’. ಎರಡನೆಯದು ‘ಹತ್ತು ತಿಂಗಳ ಅಡ್ವಾನ್ಸ್’.

2007ರಲ್ಲಿ ಬಿಬಿಎಂಪಿಗೆ ಸೇರುವವರೆಗೆ ಕೆಂಗೇರಿ ಪುರಸಭೆಯಾಗಿತ್ತು. 2021ರಲ್ಲಿ ಮೆಟ್ರೊ ಬಂತು, 2023ರಲ್ಲಿ ಚಲ್ಲಘಟ್ಟ ಮುಟ್ಟಿತು. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ಕ್ಕೆ 65 ಲಕ್ಷವಿದ್ದ ಜನ 2011ಕ್ಕೆ 96 ಲಕ್ಷ ದಾಟಿದ್ದರು. ನಗರದೊಳಗಿನ ಬಾಡಿಗೆ ಭರಿಸಲಾಗದವರು ಅಂಚಿಗೆ ಬರುತ್ತಾರೆ. ಅವರ ಹಿಂದೆಯೇ ಬಾಡಿಗೆಯೂ ಏರುತ್ತದೆ.

ಕೊನೆಗೆ ಮನೆ ಕೊಟ್ಟ ಅಜ್ಜಿ, ‘ಇಲ್ಲೇ ನಮ್ ರಾಗಿ ಹೊಲ ಇತ್ತು ಕಣ್ರಪ್ಪಾ’ ಎಂದರು. ಹೊಲ ಸೈಟಾಯಿತು, ಸೈಟು ಮೂರಂತಸ್ತಾಯಿತು. ಈಗ ಬಾಡಿಗೆಯೇ ಅವರ ಬೆಳೆ. ಅವರಿಗೆ ಬೇರೆ ಆದಾಯವಿಲ್ಲ. ಹಾಗಾಗಿ ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಇತ್ತ ನನ್ನ ಪಾಲಿನ ಅಡ್ವಾನ್ಸ್‌ಗೆ ಅಪ್ಪ ಊರಲ್ಲಿ ಒಂದು ಹಸು ಮಾರಿದರು.

ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ. ಅದು ಮಾದರಿಯಷ್ಟೇ, ಜಾರಿ ರಾಜ್ಯಗಳ ಕೈಯಲ್ಲಿದೆ. ಕೆಲಸಕ್ಕೆಂದು ಬೆಂಗಳೂರಿಗೆ ಹೊರಟ ಗೆಳೆಯರೇ, ಸಂಬಳದ ಜೊತೆ ಅಡ್ವಾನ್ಸ್‌ನ ಲೆಕ್ಕವನ್ನೂ ಹಾಕಿಕೊಂಡೇ ಬಸ್ ಹತ್ತಿ.